ಕ್ಯಾಚು ಬಿಡದ ಆಟಗಾರ

ನಮ್ಮ ಮಾವ, ಎಂದರೆ ನನ್ನ ಗಂಡನ ತಂದೆ, ಯಾವುದನ್ನಾದರೂ ಒಂದೇ ಸಲಕ್ಕೆ ನಂಬಿದ್ದನ್ನು ನಾನು ನೋಡಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಭಾನುವಾರ ಬಂತೆಂದರೆ ಬಿಳಿ ಕೋಟು ತೊಟ್ಟು ಊರಿನ ಕ್ರಿಕೆಟ್ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತಿದ್ದರು. ಇಡೀ ತಂಡ ಗಂಟಲು ಹರಿದುಕೊಂಡು ಕೂಗಿದರೂ ತಮ್ಮ ಕಣ್ಣಿಗೆ ಬೀಳದ್ದಕ್ಕೆ ಬೆರಳೆತ್ತುತ್ತಿರಲಿಲ್ಲವಂತೆ. ನೌಕರಿ ಮುಗಿಯಿತು, ಮೊಣಕಾಲು ನೋವಿನಿಂದ ಅಂಪೈರಿಂಗೂ ನಿಂತಿತು, ಆ ಸ್ವಭಾವ ಮಾತ್ರ ಉಳಿಯಿತು.

ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಮನೆಗೆ ಅವರು ಬಂದ ಹೊಸದರಲ್ಲಿ ಗ್ರೋಸರಿಗೆ ಕರೆದುಕೊಂಡು ಹೋಗಿದ್ದೆ. ಮೊಟ್ಟೆಯ ಡಬ್ಬಿಯ ಮೇಲೆ, ಬಯಲಿನಲ್ಲಿ ಬೇಕಾದಂತೆ ಅಡ್ಡಾಡುವ ಕೋಳಿಗಳ ಮೊಟ್ಟೆ ಎಂದು ಬರೆದಿತ್ತು. ಮಾವ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಡ್ಡಾಡಿದ್ದನ್ನ ಯಾರು ನೋಡ್ಯಾರವಾ?"

"ಯಾರೋ ಚೆಕ್ ಮಾಡ್ತಾರೆ ಮಾವ, ಸರ್ಟಿಫಿಕೇಟ್ ಕೊಡ್ತಾರೆ."

"ಆ ಚೆಕ್ ಮಾಡಾಂವನ್ನ ಯಾರು ನೋಡ್ಯಾರ?"

ನನಗೆ ನಗು ಬಂತು, ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ನಾನೂ ಅದೇ ಜಾತಿಯವಳು. ಮೈಸೂರಿನವಳಾದರೂ, ಮಾತು ಮೆತ್ತಗಿದ್ದರೂ, ನನ್ನ ಕೆಲಸ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವುದು. ಸರಿಯಾಗಿದೆ ಎಂದು ಎಲ್ಲರೂ ಹೇಳಿದ್ದರಲ್ಲಿ ಏನು ಸರಿಯಿಲ್ಲ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಹಾಗಾಗಿ ಮಾವನಿಗೂ ಎದುರುಮನೆಯ ಮುದುಕರಿಗೂ ಸ್ನೇಹ ಬೆಳೆದಾಗ ಮನೆಯಲ್ಲಿ ಮೊದಲು ಕಿವಿ ನೆಟ್ಟಗಾದದ್ದು ನನ್ನದೇ.

ಎದುರುಮನೆಯವರು ಅಮೆರಿಕನ್ನರು, ಎಪ್ಪತ್ತೈದು ದಾಟಿದವರು, ಒಂಟಿ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು ಎಂದು ಅಕ್ಕಪಕ್ಕದವರಿಂದ ಕೇಳಿದ್ದೆ. ಅವರ ಬಾಯಿಂದ ನಾವು ಏನನ್ನೂ ಕೇಳಿರಲಿಲ್ಲ. ನಾವು ಆ ಮನೆ ಕೊಂಡು ಬಂದ ಹೊಸದರಲ್ಲಿ ನನ್ನ ಗಂಡ ಕಾರನ್ನು ಅವರ ಮನೆಯ ಮುಂದೆ ನಿಲ್ಲಿಸಿದ್ದಕ್ಕೆ ವೈಪರಿಗೆ ಒಂದು ಚೀಟಿ ಸಿಕ್ಕಿಸಿದ್ದರು. ನಮ್ಮ ಎರಡು ಮನೆಗಳ ನಡುವಿನ ಮಾತುಕತೆಯೆಂದರೆ ಅದೊಂದೇ. ದೀಪಾವಳಿಗೆ ಸಿಹಿ ಕೊಡಲು ಹೋದರೆ ಬಾಗಿಲು ಅರ್ಧ ತೆರೆದು ತೆಗೆದುಕೊಂಡು, ಥ್ಯಾಂಕ್ಸ್ ಎಂದು ಮುಚ್ಚಿಕೊಳ್ಳುತ್ತಿದ್ದರು. ಅಂಥವರು ಒಂದು ದಿನ ಇದ್ದಕ್ಕಿದ್ದಂತೆ ಮಾವನ ಜೊತೆ ನಗುನಗುತ್ತ ರಸ್ತೆ ದಾಟಿ ಬರುವುದನ್ನು ಅಡುಗೆಮನೆಯ ಕಿಟಕಿಯಿಂದ ಕಂಡೆ.

ಮಾವ ಬೆಳಗಿನ ವಾಕಿಂಗಿಗೆ ಹೋಗುವ ಪಾರ್ಕಿನಲ್ಲಿ ಒಂದು ಬೇಸ್‌ಬಾಲ್ ಮೈದಾನವಿದೆ. ಅಲ್ಲಿ ಯಾರೋ ಪ್ರಾಕ್ಟೀಸ್ ಮಾಡುತ್ತಿದ್ದರಂತೆ. ಮಾವ ಜಾಲರಿಯ ಹಿಂದೆ ನಿಂತು ನೋಡುತ್ತಿದ್ದಾಗ ಓಡಿಬಂದ ಒಬ್ಬ ಬೇಸ್ ಎಂಬ ಬಿಳಿ ಚೌಕದ ಮೇಲಕ್ಕೆ ಜಾರಿದ, ಚೆಂಡೂ ಅದೇ ಹೊತ್ತಿಗೆ ಬಂತು. ಮಾವ ಅಭ್ಯಾಸಬಲದಿಂದ ಗಟ್ಟಿಯಾಗಿ "ನಾಟ್ ಔಟ್" ಅಂದುಬಿಟ್ಟರು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಎದುರುಮನೆಯವರು ತಿರುಗಿ, "ಹೌದು, ಸೇಫ್. ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದರು. "ಆಟದ ಬಗ್ಗೆ ನನಗೇನೂ ಗೊತ್ತಿಲ್ಲ, ಕಾಲು ಮೊದಲು ಮುಟ್ಟಿದ್ದು ಕಂಡಿತು" ಅಂದರು ಮಾವ. ಅಲ್ಲಿಂದ ಶುರುವಾಯಿತು.

ಆಮೇಲೆ ಹೆಚ್ಚುಕಡಿಮೆ ದಿನವೂ ಮಧ್ಯಾಹ್ನ ಊಟವಾದ ಮೇಲೆ ಮಾವ ಎದುರುಮನೆಯ ಗರಾಜಿಗೆ ಹೊರಡುತ್ತಿದ್ದರು. ಅಲ್ಲಿ ಕಾರಿರಲಿಲ್ಲ. ಎರಡು ಮಡಚುವ ಕುರ್ಚಿ, ಗೋಡೆಯ ತುಂಬ ಹಳೆಯ ಕಾಲದ ಆಟಗಾರರ ಕಪ್ಪುಬಿಳುಪು ಚಿತ್ರ, ಶೆಲ್ಫಿನ ಮೇಲೆ ಸುಕ್ಕುಗಟ್ಟಿದ ಚರ್ಮದ ಗ್ಲೌಸುಗಳು. ರೈಲ್ವೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಮಾವ, ಮೇಷ್ಟ್ರ ಇಂಗ್ಲಿಷಿನಲ್ಲಿ ಅವರು, ಇಬ್ಬರೂ ಸಂಜೆಯ ಗಾಳಿ ಏಳುವತನಕ ಮಾತಾಡುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ನಮಗೆ ಅದರ ವರದಿ ಸಿಗುತ್ತಿತ್ತು.

ಅಲ್ಲಿ ನಡೆಯುತ್ತಿದ್ದುದು ಒಂದೇ ಚರ್ಚೆ. ಬೇಸ್‌ಬಾಲ್ ಇನ್ನೂ ಎಳೆಯದಾಗಿದ್ದ ಕಾಲದ ಆಟಗಾರರಲ್ಲಿ ಎಲ್ಲ ವಿದ್ಯೆಯೂ ಬಲ್ಲವನು ಯಾರು? ಒಬ್ಬ ಪೂರ್ಣ ಆಟಗಾರನಿಗೆ ಐದು ಗುಣ ಬೇಕಂತೆ. ಚೆಂಡಿಗೆ ಬ್ಯಾಟು ತಾಗಿಸಬೇಕು, ಬೇಕೆಂದಾಗ ದೂರ ಹೊಡೆಯಬೇಕು, ಓಡಬೇಕು, ಹಿಡಿಯಬೇಕು, ಎಸೆಯಬೇಕು. ಎದುರುಮನೆಯವರು ನಾಲ್ಕು ಜನರನ್ನು ಮಾವನ ಮುಂದಿಟ್ಟಿದ್ದರು. ನಾಲ್ವರಿಗೂ ಅಡ್ಡಹೆಸರು: ಕಮ್ಮಾರ, ನರಿ, ಪಾದ್ರಿ, ಬಡಗಿ.

"ಕಮ್ಮಾರ ಅಂದ್ರ ಹೊಡೆತ," ಮಾವ ರೊಟ್ಟಿ ಮುರಿಯುತ್ತ ಹೇಳುತ್ತಿದ್ದರು. "ಚೆಂಡು ಹೋಗಿ ಬೇಲಿ ಆಚೆ ಬೀಳತಿತ್ತಂತ. ಆದ್ರ ಓಡಂದ್ರ ಓಡಾಂವಲ್ಲ, ಹೊಟ್ಟಿ ಬ್ಯಾರೆ. ನರಿ ಸಣ್ಣ ಹೊಡೆತದಾಂವ. ಬಾಲ್ ಹಾಕಾಂವನ ಕಣ್ಣು ತಪ್ಪಿಸಿ ಬೇಸ್ ಕದ್ದು ಓಡೂದರಾಗ ಅವನ್ನ ಹಿಡಿಯೋರಿಲ್ಲ. ಆದ್ರ ಭಾಳ ಸಿಟ್ಟಿನ ಮನಶಾ, ಕೈಗೆ ಚೆಂಡು ಬಂದಾಗ ಸಿಟ್ಟಿನಾಗ ಎಲ್ಲೆಲ್ಲೋ ಒಗೀತಿದ್ದ."

"ಪಾದ್ರಿ?" ಅಂದೆ.

"ಪಾದ್ರಿ ಮೈದಾನದ ನಟ್ಟನಡುವ ಹಿಂದ ನಿಲ್ಲಾಂವ. ಬ್ಯಾಟಿಗೆ ಚೆಂಡು ತಾಗೂ ಮೊದಲ ಅದು ಎಲ್ಲಿ ಬರತೈತಿ ಅಂತ ಗೊತ್ತಾಗಿ ಹೊಂಟಬಿಡತಿದ್ದನಂತ. ಅವನ ಎಸೆತಕ್ಕ ಹೆದರಿ ಯಾರೂ ಓಡತಿರಲಿಲ್ಲ. ಎಡಗೈಲೆ ಬಾಲ್ ಹಾಕಾಂವ ಬಂದ್ರ ಮಾತ್ರ ಬ್ಯಾಟು ಸುಮ್ಮನಾಗತಿತ್ತು."

"ಮತ್ತೆ ಬಡಗಿ?"

ಮಾವ ರೊಟ್ಟಿಯ ಇನ್ನೊಂದು ತುಂಡು ಮುರಿದರು. "ಬಡಗಿಗೆ ಎಲ್ಲಾ ಬರತಿತ್ತಂತ," ಅಂದರು. ಅಷ್ಟೇ.

ನನ್ನ ಅನುಮಾನ ಬಡಗಿಯ ಮೇಲಿರಲಿಲ್ಲ, ಆ ಮುದುಕರ ಮೇಲಿತ್ತು. ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದವರಿಗೆ ಈಗ ನಮ್ಮ ಮಾವನಿಂದ ಏನು ಬೇಕಾಗಿದೆ? ವಯಸ್ಸಾದವರನ್ನು ಮರುಳುಮಾಡುವ ಕಥೆಗಳು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದಾದರೂ ಬರುತ್ತಿದ್ದವು. ಯಾರದೋ ತಾಯಿಗೆ ಯಾರೋ ಫೋನ್ ಮಾಡಿದರು, ಯಾರದೋ ತಂದೆಯಿಂದ ಪಾಸ್‌ಪೋರ್ಟಿನ ಫೋಟೋ ತರಿಸಿಕೊಂಡರು. ಮಾವ ಮನೆಗೆ ಬಂದ ಕೂಡಲೇ ನಾನು ಏನೋ ಕೇಳಿದಂತೆ ಮಾಡಿ ವಿಚಾರಿಸುತ್ತಿದ್ದೆ. ಅವರು ನಮ್ಮ ಬಗ್ಗೆ ಏನಾದರೂ ಕೇಳಿದರಾ? ಎಲ್ಲಿಗಾದರೂ ಬನ್ನಿ ಅಂದರಾ?

ನನ್ನ ಗಂಡನಿಗೆ ಇದು ತಮಾಷೆ. "ಅಪ್ಪಗ ಒಬ್ಬ ಗೆಳೆಯಾ ಸಿಕ್ಕಾನ, ನಿನಗ್ಯಾಕ ಹೊಟ್ಟಿನೋವು?"

"ಹೊಟ್ಟೆನೋವಲ್ಲ. ಆ ಮನುಷ್ಯ ನಮ್ಗೆ ಒಂದು ಹಲೋ ಹೇಳಿದ್ದು ನೆನಪಿದೆಯಾ ನಿಂಗೆ?"

"ನಾವರ ಎಷ್ಟ್ ಸಲ ಹೇಳೀವಿ?"

ಅನುಮಾನಕ್ಕೆ ಉತ್ತರ ಬೇಕಾಗಿಲ್ಲ, ಅದು ತನ್ನ ಪಾಡಿಗೆ ಬೆಳೆಯುತ್ತದೆ. ಮನೆಯಿಂದಲೇ ಕೆಲಸ ಮಾಡುವ ದಿನ ಬಂದಾಗ ಒಂದು ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಂಡು ರಸ್ತೆ ದಾಟಿದೆ. ಗರಾಜಿನ ಬಾಗಿಲು ಮೇಲಕ್ಕೆ ಎತ್ತಿತ್ತು. ಮಾವ ನನ್ನ ಕಡೆ ಬೆನ್ನು ಮಾಡಿ ಕೂತು, ಕೈಯಲ್ಲೊಂದು ಚೆಂಡು ಹಿಡಿದು, ಓಡುತ್ತಿರುವವನನ್ನು ನೋಡುವುದಕ್ಕೂ ಚೆಂಡನ್ನು ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುತ್ತಿದ್ದರು. ಎದುರುಮನೆಯವರು ತಲೆದೂಗುತ್ತ ಕೇಳುತ್ತಿದ್ದರು. ನಾನು ಡಬ್ಬಿಯನ್ನು ಶೆಲ್ಫಿನ ಮೇಲೆ ಇಡಲು ಹೋದೆ. ಗ್ಲೌಸುಗಳ ಸಂದಿಯಲ್ಲಿ ಒಂದು ಫೋನು ಒರಗಿಕೊಂಡಿತ್ತು. ಪರದೆಯ ಮೇಲೆ ಕೆಂಪು ಚುಕ್ಕೆ, ಅದರ ಪಕ್ಕದಲ್ಲಿ ಓಡುತ್ತಿರುವ ಗಡಿಯಾರ. ಮಾವನ ಮಾತೆಲ್ಲ ರೆಕಾರ್ಡಾಗುತ್ತಿತ್ತು.

"ಮಾವ, ಇಂಡಿಯಾದಿಂದ ಫೋನ್ ಬಂದಿದೆ" ಎಂದು ಸುಳ್ಳು ಹೇಳಿ ಎಬ್ಬಿಸಿಕೊಂಡು ಬಂದೆ. ಮನೆಯೊಳಗೆ ಬಂದು ಬಾಗಿಲು ಹಾಕಿದ ಮೇಲೆ ಎಲ್ಲವನ್ನೂ ಹೇಳಿದೆ.

ಮಾವ ಚಪ್ಪಲಿ ಬಿಡುತ್ತ, "ಗೊತ್ತೈತಿ," ಅಂದರು.

"ಗೊತ್ತಾ? ಯಾವಾಗಿಂದ?"

"ಮೊದಲಿಂದಾನೂ ಗೊತ್ತೈತಿ. ನಾ ಕೂಡೂ ಮೊದಲ ಅಂವಾ ಶೆಲ್ಫಿನ ಕಡೆ ಹೋಗಿ ಬರತಾನ. ದಿನಾ ಗ್ಲೌಸ್ ಯಾಕ ಮುಟ್ಟತಾನ ಅಂತ ಒಂದಿನ ನೋಡಿದೆ."

"ಮತ್ತೆ ಸುಮ್ನೆ ಯಾಕೆ ಇದ್ರಿ ಮಾವ? ಕೇಳ್ದೆ ರೆಕಾರ್ಡ್ ಮಾಡೋದು ತಪ್ಪು ಇಲ್ಲಿ."

"ಅದು ತಪ್ಪು, ಖರೆ. ಆದ್ರ ಅದಕ್ಕಿಂತ ದೊಡ್ಡದೊಂದು ನಡದೈತಿ. ಅದು ಹೊರಗ ಬರಲಿ ಅಂತ ಕಾಯಾಕತ್ತೇನಿ." ಅವರು ಸೋಫಾದ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡರು. "ಬಡಗಿ ಅಂತಾನಲ್ಲ, ಅವನ ಬಗ್ಗೆ ನನಗ ಅನುಮಾನ ಐತಿ."

"ಯಾಕೆ?"

"ಉಳಿದ ಮೂರೂ ಮಂದಿಗೆ ಒಂದಿಲ್ಲೊಂದು ಐಬು ಐತಿ. ಕಮ್ಮಾರ ಓಡಾಂವಲ್ಲ, ನರಿ ಎಸಿಯಾಂವಲ್ಲ, ಪಾದ್ರಿಗೆ ಎಡಗೈಯವರು ಆಗಿಬರೂದಿಲ್ಲ. ಬಡಗಿ ಮಾತ್ರ ಹೊಡದ್ರ ದೂರ, ಓಡಿದ್ರ ಗಾಳಿ, ಎಸೆದ್ರ ಬಾಣ. ಇಷ್ಟು ದಿನದಾಗ ಅಂವಾ ಒಂದ ಕ್ಯಾಚ್ ಬಿಟ್ಟಿದ್ದು ನಾ ಕೇಳಿಲ್ಲ. ಕ್ಯಾಚ್ ಬಿಡದಾಂವ ಅಂದ್ರ ಆಟಾ ಆಡದಾಂವ. ಇಂವಾ ಆ ಮನಶಾನ್ನ ನೋಡಿಲ್ಲ. ನೋಡಿದಂಗ ಹೇಳತಾನ."

"ಹಾಗಂದ್ರೆ ಸುಳ್ಳು ಹೇಳ್ತಿದಾರಾ?"

"ಸುಳ್ಳೋ, ಪ್ರೀತಿಯೋ, ಇನ್ನೂ ಗೊತ್ತಾಗಿಲ್ಲ. ಎರಡೂ ಒಂದ ನಮೂನಿ ಕೇಳತಾವ."

ಮರುದಿನ ಮಾವ ಹೊರಟಾಗ ನಾನೂ ಹೊರಟೆ. ಈ ಸಲ ನೆಪಕ್ಕೆ ಡಬ್ಬಿ ಇರಲಿಲ್ಲ. ಎದುರುಮನೆಯವರು ನನ್ನನ್ನು ಕಂಡು ಮನೆಯೊಳಗಿನಿಂದ ಮೂರನೆಯ ಕುರ್ಚಿ ತಂದು ಹಾಕಿದರು. ನಾನು ಕೂರದೆ ನೇರವಾಗಿ ಶೆಲ್ಫಿನ ಹತ್ತಿರ ಹೋಗಿ ಫೋನನ್ನು ಎತ್ತಿ ಅವರ ಮುಂದೆ ಹಿಡಿದೆ.

"ಇದು ಯಾಕೆ?"

ಅವರ ಮುಖ ಕೆಂಪಗಾಯಿತು. ಕಿವಿಯ ತುದಿಗಳೂ ಕೆಂಪಾದವು. "ಕೇಳಬೇಕಾಗಿತ್ತು," ಅಂದರು. "ಕೇಳಿದರೆ ಅವರು ಎಚ್ಚರದಿಂದ ಮಾತಾಡುತ್ತಾರೆ ಅಂತ ಭಯವಾಯಿತು. ತಪ್ಪು ನನ್ನದೇ."

ಮಾವ ನನ್ನ ಕೈಯಿಂದ ಫೋನು ತೆಗೆದುಕೊಂಡು, ಅದನ್ನು ಆರಿಸಲು ಹೋಗದೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದರು. "ಇರಲಿ. ಅಂಪೈರ್ ಮಾತಾಡುವುದು ಎಲ್ಲರ ಮುಂದೆಯೇ. ನನ್ನದೊಂದು ಪ್ರಶ್ನೆ. ಬಡಗಿ ಮಾಡಿದ ತಪ್ಪುಗಳನ್ನು ಹೇಳಿ."

"ತಪ್ಪುಗಳು ಅಂದರೆ?"

"ಬಿಟ್ಟ ಕ್ಯಾಚು. ಸೋತ ಪಂದ್ಯ. ದಾರಿ ತಪ್ಪಿದ ಎಸೆತ. ಯಾವುದಾದರೂ ಒಂದು."

ಎದುರುಮನೆಯವರು ಗೋಡೆಯ ಮೇಲಿನ ಚಿತ್ರಗಳ ಕಡೆ ನೋಡಿದರು. ಅಲ್ಲಿ ಏನೂ ಸಿಗಲಿಲ್ಲವೆಂದು ಕಾಣುತ್ತದೆ, ತಮ್ಮ ಕೈಗಳನ್ನು ನೋಡಿಕೊಂಡರು.

"ಕಳೆದ ವಾರ ಒಂದು ಎಸೆತದ ಕಥೆ ಹೇಳಿದಿರಿ," ಮಾವ ಮುಂದುವರಿಸಿದರು. "ಬೇಲಿಯ ಹತ್ತಿರದಿಂದ ಎಸೆದ ಚೆಂಡು ನೆಲಕ್ಕೆ ತಾಗದೆ ಬಂದು ಓಡುವವನನ್ನು ಔಟ್ ಮಾಡಿತು ಅಂತ. ಮೊದಲು ಅದನ್ನೇ ಪಾದ್ರಿಯ ಎಸೆತ ಅಂದಿದ್ದಿರಿ. ನಿನ್ನೆ ಅದು ಬಡಗಿಯದಾಯಿತು. ಬಡಗಿ ಯಾರು?"

ಬೀದಿಯಲ್ಲಿ ಯಾರೋ ಎಲೆ ಊದುವ ಮೆಷಿನ್ ಶುರುಮಾಡಿದರು. ಅದು ನಿಂತ ಮೇಲೆ ಎದುರುಮನೆಯವರು ಹೇಳಿದರು: "ನನ್ನ ತಾತ."

ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಕಮ್ಮಾರ, ನರಿ, ಪಾದ್ರಿ ಮೂವರೂ ನಿಜವಾದ ಹೆಸರಾಂತ ಆಟಗಾರರು. ಅಡ್ಡಹೆಸರುಗಳು ಮಾತ್ರ ಇವರು ಇಟ್ಟವು. ತಾತ ಯಾವ ದೊಡ್ಡ ತಂಡದಲ್ಲೂ ಆಡಿದವರಲ್ಲ. ನೆವಾರ್ಕಿನ ಅಂಚಿನಲ್ಲಿ ಸಮುದ್ರದ ನೀರು ನಿಲ್ಲಿಸಿ ಉಪ್ಪು ತೆಗೆಯುವ ಕೊಳಗಳಿವೆಯಲ್ಲ, ಸೇತುವೆ ದಾಟಿ ಮೆನ್ಲೋ ಪಾರ್ಕಿನ ಆಫೀಸುಗಳಿಗೆ ಹೋಗುವವರೆಲ್ಲ ದಿನವೂ ನೋಡುವಂಥವು, ಅಲ್ಲಿ ಸಲಿಕೆ ಹಿಡಿದು ಉಪ್ಪು ಎತ್ತುತ್ತಿದ್ದವರು. ಭಾನುವಾರ ಉಪ್ಪಿನ ಕೆಲಸಗಾರರ ತಂಡಕ್ಕೆ ಆಡುತ್ತಿದ್ದರು. ಆ ಕಾಲದ ಯಾವ ಮಹಾ ಆಟಗಾರನಿಗೂ ತಾತ ಕಡಿಮೆಯಿರಲಿಲ್ಲ ಎಂದು ಇವರ ತಂದೆ ಕೊನೆಯವರೆಗೂ ಹೇಳುತ್ತಿದ್ದರಂತೆ. ಲೈಬ್ರರಿಯಲ್ಲಿ ಹಳೆಯ ಬೇಸ್‌ಬಾಲ್ ಬಗ್ಗೆ ಮಾತಾಡುವ ಮುದುಕರ ಒಂದು ಗುಂಪಿದೆ. ಅಲ್ಲಿ ಇವರು ಈ ಮಾತು ಎತ್ತಿದಾಗಲೆಲ್ಲ ಉಳಿದವರು ನಕ್ಕಿದ್ದಾರೆ.

"ಅವರಿಗೆ ಹೆಸರು ಗೊತ್ತು," ಅಂದರು ಎದುರುಮನೆಯವರು. "ಹೆಸರು ಕೇಳಿದ ಕೂಡಲೇ ತೀರ್ಪು ಮುಗಿದುಹೋಗುತ್ತದೆ. ನೀವು ಯಾವ ಹೆಸರೂ ಕೇಳಿದವರಲ್ಲ. ನೀವು ಬರೀ ಆಟ ನೋಡಿ ಹೇಳುತ್ತೀರಿ. ಹೆಸರಿಲ್ಲದೆ ನಾಲ್ವರನ್ನೂ ನಿಮ್ಮ ಮುಂದಿಟ್ಟರೆ ತಾತ ಎಲ್ಲಿ ನಿಲ್ಲುತ್ತಾರೆ ಅಂತ ನೋಡಬೇಕಿತ್ತು. ನಿಮ್ಮ ಮಾತನ್ನು ಅವರಿಗೆ ಕೇಳಿಸಬೇಕಿತ್ತು."

ನನಗೆ ಪಾಪ ಅನ್ನಿಸಿತು. ಆದರೂ ನಂಬಿಕೆ ಪೂರ್ತಿ ಬರಲಿಲ್ಲ. ಸಿಕ್ಕಿಬಿದ್ದ ಮೇಲೆ ಹೇಳುವ ಕಥೆ ಎಷ್ಟು ಚೆನ್ನಾಗಿದ್ದರೂ ಅದು ಸಿಕ್ಕಿಬಿದ್ದ ಮೇಲಿನ ಕಥೆಯೇ.

ಮಾವ ಮಾತ್ರ ತಾತನ ಕಥೆಗೆ ಕರಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನಿಮ್ಮ ತಾತ ಆಡಿದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಬದುಕಿದ್ದಾರಾ?" ಎಂದು ಕೇಳಿದರು.

ಒಬ್ಬರಿದ್ದರು. ತಾತನ ಕಿರಿಯ ಮಗಳು, ಎಂದರೆ ಎದುರುಮನೆಯವರ ಸೋದರತ್ತೆ. ತೊಂಬತ್ತು ದಾಟಿದವರು, ಲಿವರ್‌ಮೋರಿನಲ್ಲಿ ಮಗಳ ಮನೆಯಲ್ಲಿದ್ದರು. "ಅತ್ತೆಯನ್ನು ಈ ವಿಷಯ ಯಾವತ್ತೂ ಕೇಳಿಲ್ಲ" ಎಂದು ಒಪ್ಪಿಕೊಂಡರು. ಯಾಕೆ ಕೇಳಲಿಲ್ಲ ಎಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆ ಭಾನುವಾರ ನಾವು ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗುವುದಿತ್ತು, ಅತ್ತೆಯನ್ನೂ ಅಂದೇ ಕಂಡುಬರುವುದೆಂದಾಯಿತು. ನನ್ನ ಗಂಡ ಊರಲ್ಲಿರಲಿಲ್ಲ. ಎದುರುಮನೆಯವರು ಫ್ರೀವೇ ಮೇಲೆ ಓಡಿಸುವುದನ್ನು ಬಿಟ್ಟಿದ್ದರು. ಹಾಗಾಗಿ ಮಾವ ಮುಂದಿನ ಸೀಟಿನಲ್ಲಿ, ಅವರು ಹಿಂದಿನ ಸೀಟಿನಲ್ಲಿ, ನಾನು ಸ್ಟೀರಿಂಗ್ ಹಿಡಿದು ಹೊರಟೆವು. ದೇವಸ್ಥಾನದಲ್ಲಿ ಅವರು ಶೂ ಬಿಚ್ಚಿ ನಮ್ಮ ಜೊತೆಗೇ ಒಳಗೆ ಬಂದರು. ಊಟದ ಹಾಲಿನಲ್ಲಿ ಪುಳಿಯೋಗರೆ ತಿಂದು ನೀರು ಕುಡಿದದ್ದೇ ಕುಡಿದದ್ದು. ಅವರಿಗೆ ಭಯವಾಗಿತ್ತು. ಪುಳಿಯೋಗರೆಯ ಖಾರದ ನೆಪದಲ್ಲಿ ಅಷ್ಟು ನೀರು ಕುಡಿದರು ಎಂದು ನನಗನ್ನಿಸಿತು.

ಅವರ ಅತ್ತೆ ದ್ರಾಕ್ಷಿತೋಟಗಳ ಕಡೆ ಮುಖಮಾಡಿದ ಹಿತ್ತಿಲಿನಲ್ಲಿ, ದೊಡ್ಡ ಟೋಪಿ ಹಾಕಿಕೊಂಡು ಕೂತಿದ್ದರು. ಕಿವಿ ಮಂದ, ಮಾತು ಚುರುಕು. ಮಾವನನ್ನು ಮೇಲಿಂದ ಕೆಳಗೆ ನೋಡಿ, "ಇವರು ಯಾರು?" ಎಂದು ಸೋದರಳಿಯನನ್ನು ಕೇಳಿದರು.

"ಅಂಪೈರ್," ಅಂದರು ಎದುರುಮನೆಯವರು.

"ಅಪ್ಪನಿಗೆ ಅಂಪೈರುಗಳೆಂದರೆ ಆಗುತ್ತಿರಲಿಲ್ಲ," ಅಂದರು ಅತ್ತೆ. "ಒಂದು ಸಲ ಒಬ್ಬ ಅಂಪೈರ್ ಸ್ನಾನಕ್ಕೆ ಹೋದಾಗ ಅವನ ಬೂಟಿನೊಳಗೆ ಉಪ್ಪು ತುಂಬಿಸಿಟ್ಟಿದ್ದರು. ಒದ್ದೆ ಉಪ್ಪು. ಮರುದಿನಕ್ಕೆ ಅದು ಕಲ್ಲಾಗಿತ್ತು."

ಎದುರುಮನೆಯವರು ಇದನ್ನು ಎಂದೂ ಕೇಳಿರಲಿಲ್ಲ. ಮಾವನ ಹುಬ್ಬು ಮೇಲಕ್ಕೆ ಹೋಯಿತು.

"ಅವರ ಎಸೆತ ಹೇಗಿತ್ತು?" ಮಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಗಟ್ಟಿಯಾಗಿ ಕೇಳಿದರು.

"ಎಸೆತವೇ ಇರಲಿಲ್ಲ. ಸಲಿಕೆ ಹಿಡಿದೂ ಹಿಡಿದೂ ಭುಜ ಹೋಗಿತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಅವರನ್ನು ಮೊದಲನೇ ಬೇಸಿನಲ್ಲಿ ನಿಲ್ಲಿಸುತ್ತಿದ್ದರು, ಅಲ್ಲಿ ಚೆಂಡು ಹಿಡಿದರೆ ಸಾಕು ಅಂತ."

"ಕ್ಯಾಚು?"

ಅತ್ತೆ ನಗಲು ಶುರುಮಾಡಿದರು. "ಒಂದು ಭಾನುವಾರ ಪಕ್ಕದ ಊರಿನವರ ಜೊತೆ ಪಂದ್ಯ. ಚೆಂಡು ಆಕಾಶಕ್ಕೆ ಹೋಯಿತು. ಮೈದಾನದ ಆಚೆ ಉಪ್ಪಿನ ಗುಡ್ಡೆ, ಬೆಳ್ಳಗೆ, ಕಣ್ಣು ಬಿಡಲಾಗದಷ್ಟು ಬಿಸಿಲು. ಅಪ್ಪ ಕೈ ಎತ್ತಿ ನನ್ನದು ನನ್ನದು ಅಂತ ಕೂಗುತ್ತ ಹಿಂದಕ್ಕೆ ಹೋದರು. ಚೆಂಡು ಬಂದು ಸೀದಾ ಎದೆಗೆ ಬಡಿಯಿತು. ಕೂತುಬಿಟ್ಟರು. ಪಂದ್ಯ ಹೋಯಿತು. ಅವ್ವ ಓಡಿಹೋಗಿ ನೋಡಿದರೆ ಅಪ್ಪ ನೆಲದ ಮೇಲೆ ಕೂತು ನಗುತ್ತಿದ್ದಾರೆ. ಎದೆಯ ಮೇಲೆ ಚೆಂಡಿನ ಹೊಲಿಗೆಯ ಗುರುತು ಎಷ್ಟೋ ದಿನ ಇತ್ತು. ನಮಗೆಲ್ಲ ಅಂಗಿ ಎತ್ತಿ ತೋರಿಸುತ್ತಿದ್ದರು."

ಎದುರುಮನೆಯವರು ತಲೆ ಬಗ್ಗಿಸಿ ಕೂತಿದ್ದರು. ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ಕಾಣಲಿಲ್ಲ.

"ಹಾಗಾದರೆ ಏನು ಬರುತ್ತಿತ್ತು ಅವರಿಗೆ?" ಮಾವ ಕೇಳಿದರು.

ಅತ್ತೆ ನಗು ನಿಲ್ಲಿಸಿದರು. ಟೋಪಿಯನ್ನು ಹಿಂದಕ್ಕೆ ಸರಿಸಿ ಯೋಚಿಸಿದರು. "ಓಟ," ಅಂದರು. "ಬೇಸಿನ ಹತ್ತಿರ ಬಂದಾಗ ಎಲ್ಲರೂ ತಿರುಗಲು ಸ್ವಲ್ಪ ನಿಧಾನ ಮಾಡುತ್ತಾರೆ. ಅಪ್ಪ ಮಾಡುತ್ತಿರಲಿಲ್ಲ. ಒಳಗಡೆ ಕಾಲು ಊರಿ, ಮೈಯನ್ನು ಹೀಗೆ ವಾಲಿಸಿ..." ಕೂತಲ್ಲೇ ಎಡಗಡೆಗೆ ವಾಲಿದರು. ಒಳಗಿನಿಂದ ಅವರ ಮಗಳು ಗಾಬರಿಯಾಗಿ ಓಡಿಬಂದು ಹಿಡಿದುಕೊಂಡಳು.

ಮರಳುವ ದಾರಿಯಲ್ಲಿ ಹಿಂದೆ ಉಳಿದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಫ್ರೀಮಾಂಟ್ ಹತ್ತಿರ ಬಂದಾಗ ಹಿಂದಿನ ಸೀಟಿನಿಂದ ದನಿ ಬಂತು.

"ಈಗ ಹೇಳಿ. ನಾಲ್ವರಲ್ಲಿ ಯಾರು?"

ಮಾವ ಹಿಂದಕ್ಕೆ ತಿರುಗಿ ಅವರನ್ನು ನೋಡಿದರು. "ಪಾದ್ರಿ ಮೊದಲು. ಬ್ಯಾಟು ಕೆಲವು ದಿನ ಮಲಗುತ್ತದೆ, ಹಿಡಿಯುವ ಕೈಯೂ ಓಡುವ ಕಾಲೂ ಎಂದೂ ಮಲಗುವುದಿಲ್ಲ. ಆಮೇಲೆ ನರಿ. ಕಮ್ಮಾರ ಕೊನೆಗೆ. ಒಂದೇ ವಿದ್ಯೆ ಎಷ್ಟು ದೊಡ್ಡದಾದರೂ ಒಂದೇ."

"ಕಮ್ಮಾರ ಯಾರು ಅಂತ ಗೊತ್ತಾದರೆ ನೀವು..."

"ಹೇಳಬೇಡಿ. ಹೆಸರು ಬೇಡ."

"ತಾತ?"

"ನಿಮ್ಮ ತಾತ ಈಗ ಆಟಗಾರರಾದರು. ಇಷ್ಟು ದಿನ ಆಗಿರಲಿಲ್ಲ. ಓಟ ಒಳ್ಳೆಯದಿತ್ತು ಅಂತ ನಂಬುತ್ತೇನೆ, ಯಾಕೆಂದರೆ ನಿಮ್ಮ ಅತ್ತೆ ಅದನ್ನು ಮೈಯಲ್ಲಿ ತೋರಿಸಿದರು. ಆದರೆ ಅವರು ಆಡಿದ್ದು ಬೇರೆ ಮೈದಾನದಲ್ಲಿ, ಬೇರೆಯವರ ಎದುರು. ಆ ಮೂವರ ಪಕ್ಕದಲ್ಲಿ ನಿಲ್ಲಿಸಿ ನೋಡಲು ನನಗೆ ಕಾಣುವುದಿಲ್ಲ. ಕಾಣದ್ದಕ್ಕೆ ನಾನು ತೀರ್ಪು ಕೊಡುವುದಿಲ್ಲ."

ಎದುರುಮನೆಯವರು ಮನೆಯ ಮುಂದೆ ಇಳಿದು ಕಾರಿನ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಹೋದರು. ಮುಂದಿನ ಕೆಲವು ಮಧ್ಯಾಹ್ನ ಗರಾಜಿನ ಬಾಗಿಲು ಎತ್ತಲಿಲ್ಲ. ಮಾವ ಕಿಟಕಿಯ ಹತ್ತಿರ ಕೂತು ಪೇಪರು ಓದುವಂತೆ ಮಾಡುತ್ತಿದ್ದರು.

"ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತು ಮಾವ," ಅಂದೆ.

"ಮೆತ್ತಗ ಔಟ್ ಕೊಟ್ರೂ ಔಟs ಅಲ್ಲೇನವಾ? ಮತ್ತ ನಾ ಔಟ್ ಕೊಟ್ಟಿಲ್ಲ. ಅದನ್ನ ಅಂವಾ ತಿಳಕೋಬೇಕು." ಆಮೇಲೆ ಪೇಪರಿನ ಹಿಂದಿನಿಂದ, "ಆ ಮುದುಕೀನೂ ಸ್ವಲ್ಪ ಕೂಡಿಸಿ ಹೇಳಿದ್ಲು. ಬೂಟಿನಾಗ ಉಪ್ಪು ಒಂದ ರಾತ್ರಿಗೆ ಕಲ್ಲಾಗೂದಿಲ್ಲ," ಅಂದರು.

ಲೈಬ್ರರಿಯ ಆ ಗುಂಪಿನ ಮುಂದೆ ಎದುರುಮನೆಯವರು ಮಾತಾಡಬೇಕಿದ್ದ ದಿನ ಬೆಳಿಗ್ಗೆ ನಮ್ಮ ಬಾಗಿಲ ಗಂಟೆ ಸದ್ದಾಯಿತು. ಎದುರುಮನೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ನನ್ನನ್ನು ಕಂಡು ಹಲೋ ಅಂದರು. ಮಾವನನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳಿದರು. ರೆಕಾರ್ಡ್ ಮಾಡಿದ್ದನ್ನು ಹಾಕುವುದಿಲ್ಲ ಎಂದೂ ಸೇರಿಸಿದರು. ಮಾವ ಆಗಲೇ ಶೂ ಹಾಕಿಕೊಳ್ಳುತ್ತಿದ್ದರು. ನಾನೂ ಹೋದೆ. ಮತ್ತೇನು ಮಾಡುತ್ತಾರೋ ಎಂಬ ಅನುಮಾನ ನನ್ನಲ್ಲಿ ಇನ್ನೂ ಉಳಿದಿತ್ತು.

ಕೋಣೆಯಲ್ಲಿ ಹೆಚ್ಚು ಜನರಿರಲಿಲ್ಲ. ಬಹುತೇಕ ಎಲ್ಲರೂ ನರೆತವರು, ಕೆಲವರು ತಂಡದ ಟೋಪಿ ಹಾಕಿದವರು. ಎದುರುಮನೆಯವರು ಮೊದಲ ಮೂವರ ಬಗ್ಗೆ ಹೇಳಿದರು, ನಿಜವಾದ ಹೆಸರಿನಲ್ಲೇ. ನಾನು ಕೇಳಿಸಿಕೊಂಡೆ, ಮಾವನ ಮೇಲಿನ ಗೌರವಕ್ಕೆ ಇಲ್ಲಿ ಬರೆಯುವುದಿಲ್ಲ. ಮಾವನಂತೂ ಅಷ್ಟು ಹೊತ್ತೂ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದರು. ಪಕ್ಕದವರು ಅವರನ್ನು ವಿಚಿತ್ರವಾಗಿ ನೋಡುತ್ತಿದ್ದರು. ಕೊನೆಗೆ ತಾತನ ಸರದಿ ಬಂತು. ಅವರು ಎಲ್ಲರಿಗಿಂತ ಮೇಲು ಎಂದು ಎದುರುಮನೆಯವರು ಹೇಳಲಿಲ್ಲ. ಸಲಿಕೆ ಹಿಡಿದು ಹೋದ ಭುಜದ ಬಗ್ಗೆ ಹೇಳಿದರು, ಬೂಟಿನೊಳಗಿನ ಉಪ್ಪಿನ ಬಗ್ಗೆ ಹೇಳಿದರು, ಬಿಸಿಲಿನಲ್ಲಿ ಎದೆಗೆ ಬಡಿದ ಚೆಂಡಿನ ಬಗ್ಗೆ ಹೇಳಿದರು. ಜನ ನಕ್ಕರು. ಇಷ್ಟು ವರ್ಷ ಅವರು ನಕ್ಕಂಥ ನಗು ಅದಾಗಿರಲಿಲ್ಲವೆಂದು ಎದುರುಮನೆಯವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬೇಸಿನ ಹತ್ತಿರ ನಿಧಾನ ಮಾಡದ ಓಟವನ್ನು ತೋರಿಸಲು ಅವರು ಮೇಜಿನ ಪಕ್ಕದಲ್ಲಿ ಎಡಗಡೆಗೆ ವಾಲಿದರು. ಟೋಪಿ ಹಾಕಿದ್ದ ಒಬ್ಬರು, "ಅದು ಕಲಿಸಿ ಬರುವಂಥದ್ದಲ್ಲ," ಅಂದರು.

ಗರಾಜಿನ ಬಾಗಿಲು ಮತ್ತೆ ತೆರೆಯಿತು. ಮಾವ ಊರಿಗೆ ಹೊರಡುವ ದಿನಗಳು ಹತ್ತಿರವಾಗಿದ್ದವು. ಒಂದು ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಎದುರುಮನೆಯವರು ನಮ್ಮ ಡ್ರೈವ್‌ವೇಯಲ್ಲೇ ನಿಂತಿದ್ದರು, ಮಾವ ಎದುರಿಗೆ. ಅತ್ತೆ ಲಿವರ್‌ಮೋರಿನಿಂದ ಫೋನ್ ಮಾಡಿದ್ದರಂತೆ. ಅವರಿಗೊಂದು ಎಸೆತ ನೆನಪಾಗಿದೆ. ಭುಜ ಹೋಗುವುದಕ್ಕೂ ಮುಂಚಿನದು, ತಾನು ಬಹಳ ಸಣ್ಣವಳಿದ್ದಾಗಿನದು. ಬೇಲಿಯ ಹತ್ತಿರದಿಂದ ಎಸೆದ ಚೆಂಡು, ನೆಲಕ್ಕೆ ತಾಗದೆ.

"ಈಗ ಏನು ಹೇಳುತ್ತೀರಿ?" ಎದುರುಮನೆಯವರು ಕೇಳಿದರು.

ಮಾವ ತಲೆ ಅಲ್ಲಾಡಿಸಿದರು. "ಅಪೀಲು ತಡವಾಯಿತು. ನಮ್ಮ ಆಟದಲ್ಲಿ ಮುಂದಿನ ಚೆಂಡು ಹಾಕುವುದರೊಳಗೆ ಕೇಳಬೇಕು."

ಎದುರುಮನೆಯವರು ನಕ್ಕು, ಕೈ ಬೀಸಿ, ರಸ್ತೆ ದಾಟಿ ಹೋದರು. ಮಾವ ಅಲ್ಲೇ ನಿಂತಿದ್ದರು. ನಾನು ಕಾರಿನಿಂದ ಬ್ಯಾಗು ತೆಗೆದುಕೊಂಡು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕರೆದರು.

"ಏನವಾ, ಈ ಶನಿವಾರ ನಿನಗ ಕೆಲಸ ಐತೇನು?"

"ಯಾಕೆ ಮಾವ?"

"ಲಿವರ್‌ಮೋರಿಗೆ ಹೋಗಿಬರೂಣು. ಆವಾಗ ಆಕಿ ಎಲ್ಲಿ ಕುಂತು ನೋಡಿದ್ಲು ಅಂತ ಕೇಳಬೇಕು. ಬೇಲಿ ಕಡೆಯಿಂದೋ, ಬ್ಯಾಟ್ಸ್‌ಮನ್ ಕಡೆಯಿಂದೋ. ಅದರ ಮ್ಯಾಲ ಐತಿ ಎಲ್ಲಾ."